ನೀಲಿ ಬಟ್ಟಲಲ್ಲಿ ಕಲ್ಲುಸಕ್ಕರೆ

ಶಿರಾಜಿನವರು ಸೋಮಾರಿಗಳು ಎಂದು ದೇಶವೆಲ್ಲ ಆಡಿಕೊಳ್ಳುತ್ತದೆ. ಶುದ್ಧ ಸುಳ್ಳು. ಇದನ್ನು ಎಲ್ಲರೆದುರು ಅಲ್ಲಗಳೆಯಬೇಕು ಎಂದು ನಮ್ಮೂರಿನ ಹಿರಿಯರು ಅಜ್ಜಂದಿರ ಕಾಲದಿಂದ ಯೋಚಿಸುತ್ತಲೇ ಇದ್ದಾರೆ. ಎದ್ದುಹೋಗಿ ಹೇಳುವವರು ಇನ್ನೂ ಸಿಕ್ಕಿಲ್ಲ, ಅಷ್ಟೇ. ಇಂಥ ಊರಿನಲ್ಲಿ ಹುಟ್ಟಿ ಇರಾಜ್ ಕೆಶ್ತ್‌ಕಾರ್ ಒಬ್ಬನೇ ಮೂವರ ಕೆಲಸ ಮಾಡುತ್ತಿದ್ದ. ಬೆಳಗ್ಗೆ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಮಧ್ಯಾಹ್ನ ಊರಿಗೆ ಊರೇ ಗೊರಕೆ ಹೊಡೆಯುವಾಗ ಅನುವಾದಕ. ಸಂಜೆ ‘ನಾರಂಜ್’, ಎಂದರೆ ಹುಳಿ ಕಿತ್ತಳೆ, ಎಂಬ ವಾರಪತ್ರಿಕೆಗೆ ಅಂಕಣಕಾರ. ಅವನ ಟೈಪ್‌ರೈಟರಿನ ಗಲಾಟೆಗೆ ನಿದ್ದೆ ಕೆಟ್ಟ ನೆರೆಯವರು ದೂರು ಕೊಡುವುದೆಂದು ತೀರ್ಮಾನಿಸಿದ್ದರು. ಅವರೂ ಶಿರಾಜಿನವರೇ ಆದ್ದರಿಂದ ಆ ದೂರು ಹಾಸಿಗೆ ಬಿಟ್ಟು ಏಳಲಿಲ್ಲ.

ಅವನ ಹೆಂಡತಿ ತೂರಾನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ಪ್ರಪಂಚದ ನದಿಗಳೆಲ್ಲ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ ಎಂದು ಆಕೆಗೆ ಗೊತ್ತಿತ್ತು. ಗಂಡ ಎಂಬ ನದಿ ಮಾತ್ರ ಯಾವ ಪುಸ್ತಕದ ಕಡೆ ಹರಿದು ಯಾವ ಗಂಡಾಂತರದಲ್ಲಿ ಬೀಳುತ್ತದೋ ಹೇಳಲಾಗುತ್ತಿರಲಿಲ್ಲ.

ಇರಾಜನ ಅಪ್ಪ ಬಜಾರಿನಲ್ಲಿ ಒಣನಿಂಬೆ ಮಾರುತ್ತಿದ್ದವನು. ಮಗ ಇಂಗ್ಲಿಷ್ ಕಲಿತದ್ದು ಯಾವ ಮೇಷ್ಟರಿಂದಲೂ ಅಲ್ಲ, ತೈಲ ಕಂಪನಿಯವರು ಬಿಸಾಡಿದ ಹಾಲಿನ ಪುಡಿಯ ಡಬ್ಬಿಗಳಿಂದ. ಅದಕ್ಕೋ ಏನೋ, ಅವನ ಮೊದಲ ಅನುವಾದದಲ್ಲಿ ಪ್ರೇಮಿಗಳಿಬ್ಬರೂ ಒಬ್ಬರನ್ನೊಬ್ಬರು ತೇವವಿಲ್ಲದ ತಂಪು ಜಾಗದಲ್ಲಿ ಇಡುವ ಧಾಟಿಯಲ್ಲೇ ಮಾತಾಡುತ್ತಿದ್ದರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅಕ್ಷರ ತಿದ್ದುವಾಗ ಅವನ ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತಿದ್ದವನು ಹುಶಂಗ್ ಸದಾಕತ್. ಇಬ್ಬರಿಗೂ ಒಂದೇ ಪುಸ್ತಕ; ಎಡಪುಟ ಇವನು ಓದಿದರೆ ಬಲಪುಟ ಅವನು. ಮುಂದೆ ಹುಶಂಗ್ ಜಂದ್ ಬೀದಿಯಲ್ಲಿ ಪುಸ್ತಕದ ಅಂಗಡಿ ಹಾಕಿದ. ಇರಾಜನ ಮೊದಲ ಅನುವಾದವನ್ನು ಕಿಟಕಿಯಲ್ಲಿ ಇಟ್ಟವನು ಅವನೇ, ಇರಾಜ್ ತೂರಾನರ ಮದುವೆ ಕಾಗದಕ್ಕೆ ಸಾಕ್ಷಿಯಾಗಿ ರುಜು ಹಾಕಿದವನೂ ಅವನೇ. ಒಬ್ಬರನ್ನೊಬ್ಬರು ‘ಕಾಕೋ’ ಎಂದು ಕರೆಯುತ್ತಿದ್ದರು. ನಮ್ಮೂರಲ್ಲಿ ಅಣ್ಣತಮ್ಮಂದಿರಿಗೂ, ಜಗಳಕ್ಕೆ ನಿಂತ ಟ್ಯಾಕ್ಸಿಯವನಿಗೂ ಒಂದೇ ಮಾತು ಅದು. ಇವರಿಬ್ಬರ ಬಾಯಲ್ಲಿ ಮಾತ್ರ ಅದಕ್ಕೆ ಪೂರ್ತಿ ತೂಕವಿತ್ತು.

ಇರಾಜನ ಹೆಸರು ಊರಿಗೆಲ್ಲ ಗೊತ್ತಾದದ್ದು ಸೂಪಿನಿಂದ. ಅವನೊಂದು ಫ್ರೆಂಚ್ ಕಾದಂಬರಿಯನ್ನು ಇಂಗ್ಲಿಷಿನ ಮೂಲಕ ತಂದ. ಹಸ್ತಪ್ರತಿ ಸರ್ಕಾರದ ಪರಿಶೀಲನೆಯ ಕಚೇರಿಗೆ ಹೋಯಿತು. ಅಲ್ಲಿಯವರು ಅದರಲ್ಲಿದ್ದ ಮುತ್ತುಗಳನ್ನೆಲ್ಲ ಕೆಂಪು ಮಸಿಯಲ್ಲಿ ಹೊಡೆದುಹಾಕಿ, “ಬೇರೆ ಏನಾದರೂ ಸೇರಿಸಿ” ಎಂದು ಬರೆದರು. ಇರಾಜ್ ವಿಧೇಯನಾಗಿ ಮುತ್ತು ಇದ್ದಲ್ಲೆಲ್ಲ ಸೂಪು ಸೇರಿಸಿದ. ಪುಸ್ತಕ ಅಚ್ಚಾಯಿತು. ನಾಯಕ ಬಾಗಿಲು ತೆರೆದ ಕೂಡಲೆ ನಾಯಕಿಗೆ ಸೂಪು. ರೈಲುನಿಲ್ದಾಣದಲ್ಲಿ ಬೀಳ್ಕೊಡುವಾಗ ಕಣ್ಣೀರು ಸುರಿಸುತ್ತ ಸೂಪು. ಕತ್ತಲ ತೋಟದಲ್ಲಿ ಒಂದರ ಮೇಲೊಂದು ಏಳು ಬಟ್ಟಲು ಸೂಪು. ಕೊನೆಗೆ ಆಕೆ ಗರ್ಭಿಣಿ. ಅಷ್ಟು ಸೂಪು ಕುಡಿದರೆ ಇನ್ನೇನಾಗುತ್ತದೆ ಎಂದು ಓದುಗರು ಹುಬ್ಬೇರಿಸಿದರು. ಇರಾಜ್ ಈ ಅಡುಗೆಯ ರಹಸ್ಯವನ್ನು ‘ನಾರಂಜ್’ ಅಂಕಣದಲ್ಲಿ ಬಿಡಿಸಿ ಬರೆದದ್ದೇ, ಶಿರಾಜ್ ನಕ್ಕ ರಭಸಕ್ಕೆ ಮರದ ಮೇಲಿನ ಹುಳಿ ಕಿತ್ತಳೆಗಳು ಹಣ್ಣಾಗುವ ಮೊದಲೇ ಉದುರಿದವು. ಹೊಸದಾಗಿ ಮದುವೆಯಾದವರು ಅತ್ತೆಯ ಎದುರೇ “ಸ್ವಲ್ಪ ಸೂಪು ಸಿಗುತ್ತಾ?” ಎಂದು ಕೇಳತೊಡಗಿದರು.

ನಕ್ಕವರನ್ನು ಸರ್ಕಾರ ಮರೆಯಿತು, ನಗಿಸಿದವನನ್ನು ಮರೆಯಲಿಲ್ಲ. ಕರೆಸಿದರು, ಕೂರಿಸಿದರು, ಕಳಿಸಿದರು, ಮತ್ತೆ ಕರೆಸಿದರು.

“ಏನು ಕೇಳಿದ್ರು?” ಎಂದು ತೂರಾನ್ ಕೇಳಿದರೆ, “ಸೂಪಿಗೆ ಉಪ್ಪು ಎಷ್ಟು ಅಂತ” ಎನ್ನುತ್ತಿದ್ದ.

“ತಮಾಷೆ ಬೇಡ ಇರಾಜ್.”

“ತಮಾಷೆ ಬಿಟ್ರೆ ನನ್ನ ಹತ್ರ ಇನ್ನೇನಿದೆ ತೂರಾನ್? ಅಪ್ಪ ಬಿಟ್ಟುಹೋದದ್ದು ಒಂದು ಮೂಟೆ ಒಣನಿಂಬೆ.”

ಆ ವರ್ಷ ಬರೆಯುವವರ ಹೃದಯಗಳು ನಿಲ್ಲತೊಡಗಿದವು. ರಾಜಧಾನಿಯಲ್ಲಿ ಒಬ್ಬ ಕವಿ ಬಸ್ಸಿಗೆ ಕಾಯುತ್ತಿದ್ದವನು ಊರಾಚೆಯ ಗುಂಡಿಯಲ್ಲಿ ಸಿಕ್ಕಿದ: ಹೃದಯ. ಇನ್ನೊಂದು ಊರಿನಲ್ಲಿ ಒಬ್ಬ ಸಂಪಾದಕ ಸಿಗರೇಟು ತರಲು ಹೋದವನು ತಿರುಗಿ ಬರಲಿಲ್ಲ: ಹೃದಯ. ಇರಾಜ್ ಅಂಕಣದಲ್ಲಿ ಬರೆದ: “ನಮ್ಮ ಬೀದಿಯ ಕಸಾಯಿ ದಿನಕ್ಕೆ ಒಂದು ಕುರಿಯ ಬಾಲದ ಕೊಬ್ಬನ್ನು ಒಬ್ಬನೇ ತಿನ್ನುತ್ತಾನೆ, ಅವನ ಎದೆ ಗಡಿಯಾರದಂತೆ ಹೊಡೆದುಕೊಳ್ಳುತ್ತಿದೆ. ಬರೀ ಚಹಾ ಕುಡಿಯುವ ಕವಿಗಳದ್ದು ನಿಲ್ಲುತ್ತಿದೆ. ಹಾಗಾದರೆ ದೋಷ ಕಾಗದದಲ್ಲಿದೆ. ಆರೋಗ್ಯ ಇಲಾಖೆ ದಯವಿಟ್ಟು ಕಾಗದವನ್ನು ಪರೀಕ್ಷಿಸಬೇಕು.” ಆ ವಾರವೇ ಪತ್ರಿಕೆ ಮುಚ್ಚಿತು. ಆ ಸಂಚಿಕೆಯನ್ನು ಕಿಟಕಿಯಲ್ಲಿ ತೂಗುಹಾಕಿದ್ದಕ್ಕೆ ಹುಶಂಗನ ಅಂಗಡಿಯ ಬಾಗಿಲಿಗೂ ಅರಗಿನ ಮುದ್ರೆ ಬಿತ್ತು.

ಹುಶಂಗನ ಮೂರು ತಿಂಗಳು ಹಾಗೇ ಹೋದವು. ಇರಾಜನಿಗೆ ತನ್ನ ಪತ್ರಿಕೆ ಹೋದದ್ದಕ್ಕಿಂತ ಗೆಳೆಯನ ಅಂಗಡಿ ಹೋದದ್ದೇ ದೊಡ್ಡ ಸಂಕಟ. ತೂರಾನ್ ಹರಕೆ ಹೊತ್ತಳು: ಎರಡರಲ್ಲಿ ಒಂದಾದರೂ ತೆರೆದರೆ ಶೊಲೆ ಜರ್ದ್ ಮಾಡಿ ಹಂಚುತ್ತೇನೆ ಎಂದು. ಅದು ಅಕ್ಕಿ, ಕೇಸರಿ, ಪನ್ನೀರು ಹಾಕಿ ಕುದಿಸಿ ಗಟ್ಟಿಯಾಗಿಸಿದ ಪಾಯಸ. ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಹೂವು ಬಿಡಿಸಿ ಮನೆಮನೆಗೆ ಬಟ್ಟಲಲ್ಲಿ ಕಳಿಸುತ್ತಾರೆ. ಚಳಿಗಾಲದ ಒಂದು ಮಂಗಳವಾರ ಹರಕೆ ಫಲಿಸಿತು. ಅಂಗಡಿಯ ಮುದ್ರೆ ತೆಗೆದರು. ಗುರುವಾರ ಮಧ್ಯಾಹ್ನ ಹುಶಂಗ್ ಫೋನ್ ಮಾಡಿ, “ಕಾಕೋ, ಮನೆಗೆ ಬಾ. ಖುಷಿಗೆ ಒಂದು ಚಹಾ ಕುಡಿಯೋಣ” ಎಂದ.

ತೂರಾನ್ ತವರಿನಿಂದ ಬಂದ ನೀಲಿ ಬಟ್ಟಲಿಗೆ ಪಾಯಸ ಹಾಕಿಕೊಟ್ಟಳು. ಅಂಚಿನಲ್ಲಿ ಉಗುರಿನಷ್ಟು ಒಡೆದಿದ್ದ, ಒಳಗೆ ಎರಡು ಮೀನು ಬಿಡಿಸಿದ್ದ ಬಟ್ಟಲು.

“ಓರೆ ಮಾಡಬೇಡ, ಹೂವು ಕೆಡುತ್ತೆ.”

“ಹುಶಂಗನಿಗೆ ಹೂವು ಎಲ್ಲಿ ಕಾಣುತ್ತೆ? ನಾನು ಕೆಳಗಿಡೋ ಮೊದಲೇ ಚಮಚ ಇಳಿಸಿರ್ತಾನೆ.”

“ಬಟ್ಟಲು ವಾಪಸ್ ತಗೊಂಡು ಬಾ ಮತ್ತೆ.”

“ಎಫ್ಫತ್ ಖಾನುಮ್ ಖಾಲಿ ಬಟ್ಟಲು ಕೊಡ್ತಾಳಾ? ಅದರಲ್ಲಿ ಏನು ತುಂಬೋದು ಅಂತ ಆಕೆ ಹುಡುಕೋಷ್ಟರಲ್ಲಿ ಹೊಸವರ್ಷ ಬಂದಿರುತ್ತೆ.” ಎಫ್ಫತ್ ಎಂದರೆ ಹುಶಂಗನ ಹೆಂಡತಿ; ‘ಖಾನುಮ್’ ಹೆಂಗಸರಿಗೆ ಮರ್ಯಾದೆಯ ಮಾತು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ಎದುರಿಗೆ ನಿಂತು ಬೈದಂತೆ. ಏನಿಲ್ಲದಿದ್ದರೆ ನಾಲ್ಕು ಪುದೀನ ಎಸಳಾದರೂ ಹಾಕಬೇಕು.

ತೂರಾನ್ ಊಟ ಬಿಸಿ ಮಾಡಿಟ್ಟು ಕಾದಳು. ಆರಿದ ಮೇಲೆ ಮತ್ತೆ ಬಿಸಿ ಮಾಡಿದಳು. ಹುಶಂಗನ ಮನೆಗೆ ಫೋನ್ ಮಾಡಿದರೆ ಅವನೇ ಎತ್ತಿದ.

“ಇಲ್ಲಿಗೆ ಬರಲೇ ಇಲ್ಲವಲ್ಲ ಅತ್ತಿಗೆ! ನಾನೂ ಕಾಯ್ತಾ ಇದ್ದೀನಿ.”

ಇರಾಜ್ ಶನಿವಾರ ಸಿಕ್ಕಿದ. ಊರಿಂದ ದೂರ, ಉಪ್ಪಿನ ಸರೋವರದ ದಡದ ರಸ್ತೆಯ ಪಕ್ಕ. ವೈದ್ಯರ ಚೀಟಿಯಲ್ಲಿ ಒಂದೇ ಮಾತು: ಹೃದಯ. ವಾಕಿಂಗ್ ಹೋಗಿದ್ದಾಗ ನಿಂತಿರಬೇಕು ಎಂದರು. ಮೂಲೆಯ ರೊಟ್ಟಿ ಅಂಗಡಿಗೂ ಬಸ್ಸು ಕಾಯುತ್ತಿದ್ದ ಮನುಷ್ಯ, ಒಂಟೆಯೂ ಎರಡು ಕಡೆ ಕೂತು ಸುಧಾರಿಸಿಕೊಳ್ಳುವಷ್ಟು ದೂರ ನಡೆದುಕೊಂಡು ಹೋದನಂತೆ, ಶೂಸಿಗೆ ಚೂರೂ ಧೂಳು ಅಂಟಿಸಿಕೊಳ್ಳದೆ! ತೂರಾನ್ ಶೂಸನ್ನು ಎತ್ತಿ ತೋರಿಸಿದಳು. ಯಾರೂ ನೋಡಲಿಲ್ಲ.

ಈ ಪ್ರಕರಣ ನೋಡುತ್ತಿದ್ದ ವಿಚಾರಣಾಧಿಕಾರಿ ನೆಗಡಿಯ ಮನುಷ್ಯ. ಕೆಟ್ಟವನಲ್ಲ, ಒಳ್ಳೆಯವನಾಗಲು ಮೇಲಿನವರಿಂದ ಅಪ್ಪಣೆ ಸಿಕ್ಕಿರಲಿಲ್ಲ. ಬಾಗಿಲು ಮುಚ್ಚಿಸಿ ಹೇಳಿದ: “ಖಾನುಮ್, ಆ ಮಧ್ಯಾಹ್ನ ಅವರನ್ನ ಜೀವಂತವಾಗಿ ನೋಡಿದ ಒಬ್ಬನೇ ಒಬ್ಬ ಸಾಕ್ಷಿ ತನ್ನಿ. ಎಲ್ಲಿ, ಯಾರ ಜೊತೆ ಅಂತ ಹೇಳಲಿ, ಸಾಕು. ಫೈಲು ತೆರೀತೀನಿ. ಸಾವಿನ ನಲವತ್ತನೇ ದಿನ ಆದಮೇಲೆ ನನ್ನ ಕೈಲೂ ಇರಲ್ಲ.”

ಅಂದಿನಿಂದ ತೂರಾನಳ ಬದುಕೆಲ್ಲ ಆ ಒಬ್ಬ ಸಾಕ್ಷಿಯ ಮೇಲೆ ನಿಂತಿತು. ಹಣ್ಣಿನವನನ್ನು ಕೇಳಿದಳು, ಬಸ್ಸಿನ ಚಾಲಕನನ್ನು ಕೇಳಿದಳು. ಇಷ್ಟು ಕುರುಡರು ಒಂದೇ ಊರಲ್ಲಿ ಇದ್ದಾರೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಅವಳ ಪಕ್ಕ ಬಂಡೆಯಂತೆ ನಿಂತವನು ಹುಶಂಗ್. ಹೆಣದ ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟ. ಮೂರನೆಯ ದಿನದ ಪ್ರಾರ್ಥನೆಯಲ್ಲಿ ಮಸೀದಿಯ ಬಾಗಿಲಲ್ಲಿ ಮನೆಯವನಂತೆ ನಿಂತು ಬಂದವರ ಕೈ ಹಿಡಿದ. ಅವನು ಅತ್ತ ಅಳುವಿಗೆ ಮಸೀದಿಯ ಜಮಖಾನವನ್ನು ಹಿಂಡಿ ಬಿಸಿಲಿಗೆ ಹಾಕಬೇಕಾಯಿತು. “ದಾರಿಯಲ್ಲಿ ಏನಾಯ್ತೋ! ನಾನೇ ಹೋಗಿ ಕರ್ಕೊಂಡು ಬರಬೇಕಿತ್ತು” ಎಂದು ಎದೆ ಬಡಿದುಕೊಳ್ಳುತ್ತಿದ್ದರೆ, ತೂರಾನ್ ತನ್ನ ದುಃಖ ಬದಿಗಿಟ್ಟು ಅವನಿಗೆ ನೀರು ಕುಡಿಸಿದಳು.

ಏಳನೆಯ ದಿನ ಮನೆ ತುಂಬ ಹೆಂಗಸರು. ಅಡುಗೆಮನೆಯಲ್ಲಿ ಎಫ್ಫತ್ ತೋಳು ಏರಿಸಿಕೊಂಡು ಸತ್ತವರ ಹೆಸರಿನ ಹಲ್ವಕ್ಕೆ ಹಿಟ್ಟು ಹುರಿಯುತ್ತಿದ್ದಳು. ಒಲೆಯ ಉರಿ ಇಳಿಸಿ, ಕೈ ಒರೆಸಿಕೊಂಡು, ತನ್ನ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ತೂರಾನಳ ಕೈಗಿಟ್ಟಳು.

“ತಪ್ಪು ತಿಳ್ಕೋಬೇಡ ತೂರಾನ್ ಜಾನ್, ಇಂಥ ಹೊತ್ತಲ್ಲಿ ಕೊಡ್ತಿದ್ದೀನಿ. ಏಳನೇ ದಿನ ದಾಟಿಸಿ ಸಾವಿನ ಮನೆ ಪಾತ್ರೆ ನನ್ನ ಮನೇಲಿ ಇಟ್ಕೊಳ್ಳೋಕೆ ಮನಸ್ಸಾಗಲಿಲ್ಲ. ಬರಿದು ಕೊಡೋಕೂ ಆಗಲ್ಲ. ಸ್ವಲ್ಪ ಕಲ್ಲುಸಕ್ಕರೆ ಹಾಕಿದ್ದೀನಿ, ಚಹಾಕ್ಕೆ ಆಗುತ್ತೆ.”

ತೂರಾನ್ ಬಟ್ಟೆ ಬಿಚ್ಚಿದಳು. ಕೇಸರಿ ಬಣ್ಣದ ಕಲ್ಲುಸಕ್ಕರೆಯ ಅಡಿಯಲ್ಲಿ ಎರಡು ಮೀನು.

“ಇದು ಯಾವಾಗ ಸಿಕ್ತು ನಿಂಗೆ?”

“ಅದೇ ಗುರುವಾರ. ನಾನು ಮಗಳ ಮನೇಲಿದ್ದೆ. ಸಂಜೆ ಬಂದು ನೋಡಿದ್ರೆ ಮೇಜಿನ ಮೇಲಿತ್ತು. ಪಾಯಸ ಅರ್ಧ ಆಗಿತ್ತು, ಉಳಿದದ್ದು ನಾನು…” ಎಫ್ಫತಳ ಮಾತು ಅಲ್ಲಿಗೆ ನಿಂತಿತು. ಬಾಯಿಂದ ಹೊರಟ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಅವಳಿಗೆ ಆಗ ಕಂಡಿತು. ಒಲೆಯ ಕೆಂಪೆಲ್ಲ ಇಳಿದು ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು.

ಇರಾಜನನ್ನು ಒಯ್ದವರು ಅವನ ಗಡಿಯಾರ, ಕನ್ನಡಕ, ಜೇಬಿನ ಬಸ್ ಚೀಟಿ ಎಲ್ಲವನ್ನೂ ಯೋಚಿಸಿದ್ದರು. ಪಾಯಸದ ಬಟ್ಟಲನ್ನು ಯೋಚಿಸುವಷ್ಟು ಬುದ್ಧಿವಂತರನ್ನು ಸರ್ಕಾರ ಇನ್ನೂ ನೇಮಿಸಿಕೊಂಡಿರಲಿಲ್ಲ.

ಮರುದಿನ ತೂರಾನ್ ಅಂಗಡಿಗೆ ಹೋದಳು. ಹುಶಂಗ್ ಪುಸ್ತಕಗಳ ಧೂಳು ಹೊಡೆಯುತ್ತಿದ್ದ. ಅವಳು ಬಟ್ಟಲನ್ನು ಗಲ್ಲಾದ ಮೇಲಿಟ್ಟಳು. ಅವನು ಅದನ್ನು ನೋಡಿದ, ಬೀದಿಯನ್ನು ನೋಡಿದ, ಬಾಗಿಲು ಮುಚ್ಚಿದ.

“ಅತ್ತಿಗೆ, ಬಟ್ಟಲಿಗೇನು ಬಾಯಿ ಇದೆಯಾ?”

“ನಿನಗಿದೆಯಲ್ಲ. ಬಾ. ಆ ಅಧಿಕಾರಿ ಎದುರು ಎರಡೇ ಮಾತು ಹೇಳು: ಬಂದಿದ್ದ, ಇಂಥವರು ಕರ್ಕೊಂಡು ಹೋದ್ರು. ನಮ್ಮ ಮದುವೆಗೆ ಸಾಕ್ಷಿ ಹಾಕಿದವನು ನೀನು. ಸಾವಿಗೂ ಹಾಕು.”

“ನಂಗೆ ಇಬ್ಬರು ಹೆಣ್ಣುಮಕ್ಕಳು, ಅತ್ತಿಗೆ.”

“ಗೊತ್ತು. ಇಬ್ಬರಿಗೂ ಹೆಸರಿಟ್ಟವನು ಇರಾಜ್.”

ಹುಶಂಗ್ ಧೂಳಿನ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೂತ. ತೂರಾನ್ ಕಾದಳು. ಆ ಅಂಗಡಿಯಲ್ಲಿ ಸಾವಿರ ಪುಸ್ತಕಗಳಿದ್ದವು, ಮಾತಿಗೆ ಬರವಿರಲಿಲ್ಲ. ಒಂದೂ ಅವನ ಸಹಾಯಕ್ಕೆ ಬರಲಿಲ್ಲ.

ಅವಳು ಬಟ್ಟಲು ಹಿಡಿದು ವಿಚಾರಣಾಧಿಕಾರಿಯ ಬಳಿ ಹೋದಳು. ಅವನು ಎಫ್ಫತಳನ್ನು ಕರೆಸಿದ. ಎಫ್ಫತ್ ಚಾದರವನ್ನು ಕಣ್ಣಿನವರೆಗೆ ಎಳೆದುಕೊಂಡು ಗೋಡೆಗೆ ಹೇಳಿದಳು: “ಆ ಬಟ್ಟಲು ಬಂದು ಎರಡು ತಿಂಗಳಾಗಿತ್ತು. ನಾನೇ ಕೊಡೋಕೆ ತಡ ಮಾಡಿದೆ.”

ತೂರಾನ್ ಅವಳ ತೋಳು ಹಿಡಿದಳು. “ನನ್ನ ಮುಖ ನೋಡಿ ಹೇಳು ಎಫ್ಫತ್.”

ಎಫ್ಫತ್ ಗೋಡೆಯನ್ನೇ ನೋಡಿದಳು. ಅಧಿಕಾರಿ ಮೂಗು ಒರೆಸಿಕೊಂಡ. “ಖಾನುಮ್, ಶಿರಾಜಿನಲ್ಲಿ ಒಂದು ಬಟ್ಟಲು ವಾಪಸ್ ಬರೋಕೆ ಎರಡು ತಿಂಗಳು ಅಂದ್ರೆ ಬೇಗ ಬಂತು ಅಂತಲೇ ಲೆಕ್ಕ” ಎಂದ. ಪಕ್ಕದ ಗುಮಾಸ್ತ ನಕ್ಕ. ಇರಾಜ್ ಇದ್ದಿದ್ದರೆ ಆ ಹಾಸ್ಯಕ್ಕೆ ಅವನೂ ನಗುತ್ತಿದ್ದನೇನೋ. ತೂರಾನ್ ಎಫ್ಫತಳ ತೋಳು ಬಿಟ್ಟಳು. ಗಂಡಸು ಹೆದರಿ ಕೈಕೊಟ್ಟದ್ದನ್ನು ಹೇಗೋ ನುಂಗಬಹುದಿತ್ತು. ಹಲ್ವ ಹುರಿದ ಕೈಯೇ, ಸಾವಿನ ಮನೆಗೆ ಸಕ್ಕರೆ ತಂದ ಕೈಯೇ ಹೀಗೆ ಮಾಡಿತಲ್ಲ!

ನಮ್ಮೂರಲ್ಲಿ ಸಾವಿನ ಕಾರ್ಯ ಮುಗಿದ ಮೇಲೆ ಮನೆಯವರು ಪತ್ರಿಕೆಯಲ್ಲಿ ಕಪ್ಪು ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ವಂದನೆ ಹೇಳುವ ಪದ್ಧತಿಯಿದೆ. ಅದನ್ನು ಯಾರೂ ಓದುವುದಿಲ್ಲ, ತಮ್ಮ ಹೆಸರಿದೆಯೇ ಎಂದು ಹುಡುಕುತ್ತಾರೆ ಅಷ್ಟೇ. ಪತ್ರಿಕೆಯವರಂತೂ ಓದುವುದೇ ಇಲ್ಲ. ತೂರಾನ್ ಸಂಜೆ ಪತ್ರಿಕೆಯ ಕಿಟಕಿಯಲ್ಲಿ ಒಂದು ಹಾಳೆ ಕೊಟ್ಟಳು. ಅಲ್ಲಿದ್ದವನು ಸಾಲು ಎಣಿಸಿ, ಆಕಳಿಸಿ, ಒಳಗೆ ತಳ್ಳಿದ. ಮರುದಿನ ಅದು ಅಚ್ಚಾಯಿತು:

“ನನ್ನ ಪತಿ ಇರಾಜ್ ಕೆಶ್ತ್‌ಕಾರ್ ಅವರ ಅಗಲಿಕೆಯ ದುಃಖದಲ್ಲಿ ಜೊತೆಗಿದ್ದ ಬಂಧುಮಿತ್ರರಿಗೆಲ್ಲ ವಂದನೆಗಳು. ಮುಖ್ಯವಾಗಿ, ಅವರ ಕೊನೆಯ ಗುರುವಾರ ಮಧ್ಯಾಹ್ನ ಅವರನ್ನು ಮನೆಗೆ ಕರೆದು ಸತ್ಕರಿಸಿದ ಪುಸ್ತಕ ವ್ಯಾಪಾರಿ ಶ್ರೀ ಹುಶಂಗ್ ಸದಾಕತ್ ಅವರಿಗೂ, ಅಂದು ನಾವು ಕಳಿಸಿದ ಬಟ್ಟಲನ್ನು ಏಳನೆಯ ದಿನ ಕಲ್ಲುಸಕ್ಕರೆ ತುಂಬಿ ಮರಳಿಸಿದ ಅವರ ಶ್ರೀಮತಿಯವರಿಗೂ ನಮ್ಮ ಕುಟುಂಬ ಸದಾ ಋಣಿ. ಆ ಮನೆಯಿಂದ ಇರಾಜ್ ಅವರನ್ನು ಕರೆದೊಯ್ದ ಮಹನೀಯರ ಹೆಸರುಗಳು ತಿಳಿಯದ ಕಾರಣ ಅವರನ್ನು ಬೇರೆಯಾಗಿ ವಂದಿಸಲಾಗಿಲ್ಲ. ಕ್ಷಮೆಯಿರಲಿ.”

ಆ ಪತ್ರಿಕೆ ಸಾಮಾನ್ಯವಾಗಿ ಕೊತ್ತಂಬರಿ ಕಟ್ಟಲು ಹುಟ್ಟಿದ್ದು. ಆ ದಿನ ಊರಿನಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಕಾಗದ ಸಿಗಲಿಲ್ಲ. ಓದು ಬಾರದವರೂ ಎರಡೆರಡು ಕೊಂಡರು. ಶಿರಾಜಿನವರು ತಾವಾಗಿಯೇ ಎದ್ದು, ಶೂಸು ಹಾಕಿಕೊಂಡು, ಜಂದ್ ಬೀದಿಗೆ ನಡೆದುಕೊಂಡು ಬಂದರು. ಇತಿಹಾಸದಲ್ಲಿ ಹೀಗೆ ಹಿಂದೆ ಆಗಿರಲಿಲ್ಲ. ಯಾರೂ ಕಲ್ಲು ತೂರಲಿಲ್ಲ, ಬೈಯಲಿಲ್ಲ. ಒಬ್ಬೊಬ್ಬರೇ ಒಳಹೋಗಿ, ಎದೆಯ ಮೇಲೆ ಕೈಯಿಟ್ಟು, “ಹುಶಂಗ್ ಆಘಾ, ನಿಮ್ಮ ಅತಿಥಿಸತ್ಕಾರದ ಸುದ್ದಿ ಓದಿದ್ವಿ. ದೇವರು ನಿಮ್ಮ ಕೈಗೆ ನೋವು ಕೊಡದಿರಲಿ” ಎಂದು ನಮ್ಮೂರಿನ ರೂಢಿಯಂತೆ ವಂದಿಸಿ, ಪುಸ್ತಕ ಮುಟ್ಟದೆ ಹೊರಬಂದರು.

ತೂರಾನಳನ್ನು ಕರೆಸಿದರು. “ಇದೇನಿದು ಬರೆದದ್ದು?” “ವಂದನೆ.” “ಯಾರು ಹೇಳಿಕೊಟ್ರು?” “ನಮ್ಮಮ್ಮ. ಉಪಕಾರ ಮಾಡಿದವರ ಹೆಸರು ಬಿಡಬಾರದು ಅಂತಿದ್ರು.” ಶಾಲೆಯ ಕೆಲಸ ಹೋಯಿತು. ಸಂಜೆ ಪತ್ರಿಕೆ ಅವಳಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಅಪ್ಪಣೆಯಾಯಿತು.

ನಲವತ್ತನೆಯ ದಿನಕ್ಕೆ ಒಂದೇ ದಿನ ಉಳಿದಿರುವಾಗ ಬೆಳಗ್ಗೆ ಹುಶಂಗ್ ಅವಳ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. ಮಂಡಿ ಮಡಿಸಿ ಗೋಡೆಗೆ ಒರಗಿ ಕೂತ.

“ನೀನು ನನ್ನ ಕೊಂದುಬಿಟ್ಟೆ ಅತ್ತಿಗೆ.”

“ನಿನ್ನ ಹೃದಯ ಹೊಡ್ಕೊಳ್ತಾನೇ ಇದೆ. ಹೇಳು, ಏನಾಯ್ತು?”

“ಅಂಗಡಿ ತೆರೆಯೋಕೆ ಬಿಡ್ತೀವಿ, ಅವನನ್ನ ಮನೆಗೆ ಕರಿ ಸಾಕು, ಎರಡು ಮಾತು ಕೇಳಿ ಕಳಿಸ್ತೀವಿ ಅಂದ್ರು. ಕಳಿಸ್ತಾರೆ ಅಂದ್ಕೊಂಡೆ. ದೇವರಾಣೆ, ಹಾಗೇ ಅಂದ್ಕೊಂಡೆ.”

“ಆಮೇಲೆ?”

“ಅವನು ಬಂದ. ಇಬ್ಬರೂ ಅದೇ ಬಟ್ಟಲಿಗೆ ಚಮಚ ಹಾಕಿ ತಿಂದ್ವಿ. ಅವರು ಬಂದ್ರು, ಮೂವರು. ಅವನು ನನ್ನ ನೆಂಟರು ಅಂದ್ಕೊಂಡು ಎದ್ದು ನಿಂತ. ತನ್ನ ಕುರ್ಚಿ ಬಿಟ್ಟುಕೊಟ್ಟ. ಆಮೇಲೆ ಗೊತ್ತಾಯ್ತು ಅವನಿಗೆ.”

“ನಿನ್ನ ಕಡೆ ನೋಡಿದನಾ?”

“ನೋಡಿದ. ನಾನು ಚಹಾ ಕುದಿಯೋ ಸಮಾವರ್ ಕಡೆ ನೋಡಿದೆ.” ಹುಶಂಗ್ ಕೈಯಿಂದ ಬಾಯಿ ಮುಚ್ಚಿ, ಮತ್ತೆ ತೆಗೆದ. “ಅವನಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ ಅತ್ತಿಗೆ. ನನ್ನ ಮನೇಲಿ ಹೀಗಾಯ್ತಲ್ಲ ಅಂತ ನನಗೋಸ್ಕರ ಅವನು ನಾಚಿಕೊಂಡ. ಕೋಟು ಹಾಕ್ಕೊಳ್ತಾ, ‘ನೀನು ಏಳಬೇಡ ಕಾಕೋ, ಹೊರಗೆ ಚಳಿ. ತೂರಾನ್‌ಗೊಂದು ಫೋನ್ ಮಾಡು, ಊಟಕ್ಕೆ ಕಾಯೋದು ಬೇಡ ಅನ್ನು’ ಅಂದ.”

“ನೀನು ಫೋನ್ ಮಾಡಲಿಲ್ಲ.”

“ಮಾಡಲಿಲ್ಲ.”

ತೂರಾನ್ ಎದ್ದು ಚಾದರ ಹೊದ್ದಳು.

“ಈಗಲೇ ನಡಿ. ಇಷ್ಟನ್ನೇ ಆ ಅಧಿಕಾರಿ ಮುಂದೆ ಹೇಳು.”

“ನಾಳೆ ಬರ್ತೀನಿ. ಎಫ್ಫತಳಿಗೆ ಒಂದು ಮಾತು ಹೇಳಿ ಬೆಳಗ್ಗೆ ಬರ್ತೀನಿ. ಮಕ್ಕಳಾಣೆ.”

ಮರುದಿನ ಕಚೇರಿ ತೆರೆಯುವ ಮುಂಚೆಯೇ ತೂರಾನ್ ಹೋಗಿ ಬೆಂಚಿನ ಮೇಲೆ ಕೂತಳು. ವಿಚಾರಣಾಧಿಕಾರಿ ಬಂದ, ಅವಳನ್ನು ಕಂಡ, ಒಳಗೆ ಹೋದ. ಮಧ್ಯಾಹ್ನ ಚಹಾ ಕಳಿಸಿದ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಅವಳು ತಲೆ ಎತ್ತಿದಳು. ಜಮೀನಿನ ಜಗಳದವರು ಬಂದರು, ಕಳೆದ ಸೈಕಲ್ಲಿನವರು ಬಂದರು. ಹುಶಂಗ್ ಗಂಡಹೆಂಡತಿ ಮನೆಗೆ ಬೀಗ ಹಾಕಿ ನಸುಕಿನಲ್ಲೇ ಊರು ಬಿಟ್ಟರೆಂದು ಸುದ್ದಿ ತಂದವನು ಚಹಾದ ಲೋಟ ತೆಗೆಯಲು ಬಂದ ಜವಾನ.

ಕಚೇರಿ ಮುಚ್ಚುವ ಹೊತ್ತಿಗೆ ಅವಳು ಒಳಗೆ ಹೋದಳು. ಮೇಜಿನ ಮೇಲೆ ಇರಾಜನ ಫೈಲು, ಕಟ್ಟಲು ದಾರ.

“ಸಾಕ್ಷಿ ಬರಲಿಲ್ಲವಲ್ಲ ಖಾನುಮ್” ಎಂದ ಅಧಿಕಾರಿ, ಮೂಗು ಒರೆಸಿಕೊಳ್ಳುತ್ತ.

“ಹಾಗಂತಲೇ ಬರೀರಿ. ಸಾಕ್ಷಿ ಇದ್ದಾನೆ, ಹುಶಂಗ್ ಸದಾಕತ್. ಬರಲಿಲ್ಲ.”

ಅವನು ಬಾಗಿಲಿನ ಕಡೆ ನೋಡಿದ. ಗುಮಾಸ್ತ ಹೋಗಿಯಾಗಿತ್ತು. ಸೀಸದ ಕಡ್ಡಿ ತೆಗೆದು ಫೈಲಿನ ಒಳಮೈ ಮೇಲೆ ಬಾಗಿದ.

“ಮಸಿಯಲ್ಲಿ” ಎಂದಳು ತೂರಾನ್.

ಅವನು ಖಾನೆಗಳನ್ನು ಒಂದೊಂದಾಗಿ ಎಳೆದು ಪೆನ್ನು ಹುಡುಕತೊಡಗಿದ. ಅವಳು ನಿಂತೇ ಇದ್ದಳು.